ಗಮಾರರ ರಾಜಧಾನಿಗೆ ಮೂರು ದಿನದ ಯಾತ್ರೆ

ಸಿಳ್ಳೆ ಊದುವ ಅಧಿಕಾರ ಒಬ್ಬರ ಕೈಗೆ ಬಂದಿತೆಂದರೆ ಮುಗಿಯಿತು. ಅವರು ಊದಿಯೇ ತೀರುತ್ತಾರೆ. 2023ರ ಅಕ್ಟೋಬರಿನ ಒಂದು ಶುಕ್ರವಾರ ಬೆಳಗಿನ ಆರು ಗಂಟೆಗೆ, ಅಮೆರಿಕದ ಒಹಾಯೊ ಸಂಸ್ಥಾನದ ಡೇಟನ್ ಪಟ್ಟಣದ ಒಂದು ಚರ್ಚಿನ ಅಂಗಳದಲ್ಲಿ, ದೊಡ್ಡದೊಂದು ಬಸ್ಸಿನ ಬಾಗಿಲ ಬಳಿ ನಿಂತ ನಿವೃತ್ತ ಉಪಾಧ್ಯಾಯಿನಿಯೊಬ್ಬರು ಸಿಳ್ಳೆ ಊದಿ ಊದಿ ತಲೆಗಳನ್ನು ಎಣಿಸುತ್ತಿದ್ದರು. ನಲವತ್ತನಾಲ್ಕು ತಲೆಗಳು; ಅವುಗಳಲ್ಲಿ ನರೆಯದಿದ್ದುವು ಮೂರೋ ನಾಲ್ಕೋ. ಮಾತ್ರೆಗಳ ಡಬ್ಬಿ, ಕುತ್ತಿಗೆಯ ದಿಂಬು, ಹೆಣಿಗೆಯ ಚೀಲ, ಊರುಗೋಲು, ಇವಿಷ್ಟೂ ಬಸ್ಸನ್ನೇರಿದ ಮೇಲೆ ಮನುಷ್ಯರು ಏರಿದರು. ಹೋಗಬೇಕಾದ ಊರು ಟೆನೆಸಿ ಸಂಸ್ಥಾನದ ರಾಜಧಾನಿಯಾದ ನ್ಯಾಷ್‌ವಿಲ್. ದೂರ ಸುಮಾರು 330 ಮೈಲಿ. ಉದ್ದೇಶ, ಸಂಗೀತ ಕೇಳುವುದು.

ಸಂಗೀತವೆಂದೊಡನೆ ಬೀಥೋವನ್ ಮೊದಲಾದವರನ್ನು ನೆನೆಯಬೇಕಾಗಿಲ್ಲ. ನ್ಯಾಷ್‌ವಿಲ್ಲಿನದು ಕಂಟ್ರಿ ಸಂಗೀತ, ಎಂದರೆ ಹಳ್ಳಿಗಾಡಿನ ಹಾಡು. ಪಿಟೀಲು, ಬ್ಯಾಂಜೊ, ಗಿಟಾರು ಇದರ ಮೂಲ ಪರಿಕರ. ಕೈಬಿಟ್ಟ ಪ್ರೇಯಸಿ, ಕುಡಿತ, ಅಮ್ಮನ ಸಮಾಧಿ, ರೈಲುಗಾಡಿ, ಕಲ್ಲಿದ್ದಲ ಗಣಿ, ದೇವರು — ವಸ್ತು ಹೆಚ್ಚೇನೂ ವಿಸ್ತಾರವಾದುದಲ್ಲ. ಆದರೆ ಇವುಗಳ ಆಚೆಗೆ ಬಡವನ ಬಾಳಿನಲ್ಲಿ ಬಹಳವೇನಿರುತ್ತದೆ? ಅಪಲೇಷಿಯನ್ ಬೆಟ್ಟಸಾಲಿನ ಬಡ ಬಿಳಿಯರ ಈ ಹಾಡಿಗೆ ನಗರದವರು ಬಹುಕಾಲ ಇಟ್ಟಿದ್ದ ಹೆಸರು ‘ಹಿಲ್‌ಬಿಲ್ಲಿ’. ಗುಡ್ಡಗಾಡಿನ ಗಮಾರ ಎಂದು ಅದರ ಅರ್ಥ. ಬೈಗುಳವೂ ಹೌದು, ಬೈಸಿಕೊಂಡವರೇ ತಮ್ಮೊಳಗೆ ನಗುತ್ತ ಹೇಳಿಕೊಂಡಾಗ ಸಲಿಗೆಯೂ ಹೌದು.

ಬಸ್ಸಿನ ಹನ್ನೊಂದನೆಯ ಸಾಲಿನಲ್ಲಿ ಕುಳಿತಿದ್ದ ಎಪ್ಪತ್ತೇಳು ವಯಸ್ಸಿನ ಒಬ್ಬಾತನಿಗೆ ಮಾತ್ರ ಆ ಸಲಿಗೆ ಎಂದೂ ಒಗ್ಗಿರಲಿಲ್ಲ. ಕಾರ್ಖಾನೆಯೊಂದರಲ್ಲಿ ಮೇಸ್ತ್ರಿಯಾಗಿ ದುಡಿದು ನಿವೃತ್ತನಾದ ಮನುಷ್ಯ. ಇಲ್ಲಿಯೂ ಮೇಸ್ತ್ರಿಯೆಂದೇ ಕರೆಯಬಹುದು. ಟಿಕೆಟ್ಟು ಕೊಂಡವಳು ಆತನ ಹೆಂಡತಿ, ಮದುವೆಯ ಐವತ್ತನೆಯ ವರ್ಷದ ನೆಪ ಮಾಡಿಕೊಂಡು. ಆಕೆ ಹುಟ್ಟಿದ್ದು ಡೇಟನ್ನಿನಲ್ಲಿಯೇ. ಬೆಟ್ಟವನ್ನು ಕಂಡದ್ದು ಮದುವೆಯಾದ ಮೇಲೆ. ಆದರೂ ಕಂಟ್ರಿ ಹಾಡೆಂದರೆ ಆಕೆಗೆ ಪ್ರಾಣ. ಬೆಟ್ಟದಲ್ಲಿ ಹುಟ್ಟಿದ ಮೇಸ್ತ್ರಿಗೋ ಆ ಹಾಡು ಕಿವಿಗೆ ಬಿದ್ದರೆ ಮುಖ ಕಿವುಚಿಕೊಳ್ಳುತ್ತಿತ್ತು. “ನಾನು ಬರುತ್ತಿರುವುದು ಪೆಟ್ಟಿಗೆ ಹೊರುವುದಕ್ಕೆ” ಎಂದು ಅಕ್ಕಪಕ್ಕದವರಿಗೆ ಹೇಳಿ ಆತ ವೃತ್ತಪತ್ರಿಕೆಯನ್ನು ಬಿಡಿಸಿದ.

ಇದರ ಹಿಂದಿನ ಕಥೆ ಆತನೊಬ್ಬನದೇ ಅಲ್ಲ. ಎರಡನೆಯ ಮಹಾಯುದ್ಧದ ತರುವಾಯ ಕೆಂಟಕಿಯ ಗಣಿಗಳಿಗೆ ಯಂತ್ರಗಳು ಬಂದುವು. ಹತ್ತು ಜನರ ಕೆಲಸವನ್ನು ಒಂದು ಯಂತ್ರ ಮಾಡತೊಡಗಿತು. ಲಕ್ಷಾಂತರ ಜನ ಬೆಟ್ಟವಿಳಿದು ಒಹಾಯೊ, ಮಿಷಿಗನ್, ಇಂಡಿಯಾನಗಳ ಕಾರ್ಖಾನೆಗಳತ್ತ ನಡೆದರು. ಬೆಟ್ಟದ ಶಾಲೆಗಳಲ್ಲಿ ಕಲಿಸುವ ವಿದ್ಯೆ ಮೂರೇ, ಓದು, ಬರಹ ಮತ್ತು ಆಕ್ರನ್ ಪಟ್ಟಣಕ್ಕೆ ಹೋಗುವ ದಾರಿ ಎಂದು ಆ ಕಾಲದಲ್ಲಿ ಒಂದು ನಗೆಮಾತೇ ಹುಟ್ಟಿತ್ತು. ಮೇಸ್ತ್ರಿಯ ತಂದೆ 1953ರಲ್ಲಿ ಹೆಂಡತಿ, ನಾಲ್ಕು ಮಕ್ಕಳು, ಒಂದು ಪಿಟೀಲು, ಇವಿಷ್ಟನ್ನು ಹಳೆಯ ಕಾರಿನಲ್ಲಿ ತುಂಬಿಕೊಂಡು ಡೇಟನ್ನಿಗೆ ಬಂದ. ಏಳು ವರ್ಷದ ಹುಡುಗ ಶಾಲೆಯಲ್ಲಿ ಮೊದಲ ದಿನ ಬಾಯಿ ತೆರೆದೊಡನೆ ತರಗತಿಯೆಲ್ಲ ನಕ್ಕಿತು. ಬೆಟ್ಟದವರದು ಎಳೆದಾಡುವ ರಾಗದ ಇಂಗ್ಲಿಷು. ಒಂದೇ ಸ್ವರ ಅವರ ಬಾಯಲ್ಲಿ ಎರಡಾಗುತ್ತದೆ. ಆ ಹುಡುಗ ವರ್ಷ ಕಳೆಯುವುದರೊಳಗೆ ಊರವರಂತೆ ಮಾತಾಡುವುದನ್ನು ಕಲಿತ. ಪುನಃ ಎಂದೂ ಬಿಡಲಿಲ್ಲ. ಹಳ್ಳಿಯ ಮಾತನ್ನು ಮನೆಯೊಳಗೆ ಬಿಟ್ಟು ಪೇಟೆಯ ಮಾತನ್ನು ಧರಿಸಿ ಹೊರಡುವ ಈ ವಿದ್ಯೆಯನ್ನು ಓದುಗರಲ್ಲಿ ಅನೇಕರು ಬಲ್ಲರು, ವಿವರಿಸಬೇಕಾದುದಿಲ್ಲ.

ಕಷ್ಟವಿದ್ದುದು ತಂದೆಯ ಪಿಟೀಲಿನದು. ಬೆಟ್ಟದಲ್ಲಿದ್ದಾಗ ಅವರ ಮನೆಗೆ ವಿದ್ಯುತ್ತಿರಲಿಲ್ಲ; ಬ್ಯಾಟರಿಯ ರೇಡಿಯೊ ಒಂದಿತ್ತು. ಬ್ಯಾಟರಿ ತೀರಬಾರದೆಂದು ವಾರವೆಲ್ಲ ಅದರ ಕಿವಿ ತಿರುಗಿಸುತ್ತಿರಲಿಲ್ಲ. ಶನಿವಾರ ರಾತ್ರಿ ಮಾತ್ರ ನೆರೆಹೊರೆಯವರೆಲ್ಲ ಸೇರಿ, ಮುಳ್ಳನ್ನು 650ಕ್ಕೆ ತಂದು, ನ್ಯಾಷ್‌ವಿಲ್ಲಿನ ಡಬ್ಲ್ಯು.ಎಸ್.ಎಂ. ಕೇಂದ್ರದ ‘ಗ್ರ್ಯಾಂಡ್ ಓಲ್ ಆಪ್ರಿ’ಯನ್ನು ಕೇಳುತ್ತಿದ್ದರು. 1932ರಲ್ಲಿ ಆ ಕೇಂದ್ರದ ಬಲ 50,000 ವ್ಯಾಟುಗಳಿಗೇರಿತ್ತು. ರಾತ್ರಿಯ ಹೊತ್ತು ಅದು ದೇಶದ ಅರ್ಧಭಾಗಕ್ಕೆ ಕೇಳಿಸುತ್ತಿತ್ತು. ಡೇಟನ್ನಿಗೆ ಬಂದ ಮೇಲೂ ತಂದೆ ಶನಿವಾರ ಸಂಜೆ ಮುಂಬಾಗಿಲ ಜಗುಲಿಯಲ್ಲಿ ಕುಳಿತು ಪಿಟೀಲು ಬಾರಿಸುತ್ತಿದ್ದ. ಹುಡುಗ ಬೀದಿಯ ಕಡೆಯ ಕಿಟಕಿಯನ್ನು ಮುಚ್ಚುತ್ತಿದ್ದ. ಜಗುಲಿ ಇದ್ದುದು ಕಿಟಕಿಯ ಹೊರಗೆ. ಮುಚ್ಚಿದುದರಿಂದ ಪ್ರಯೋಜನವೇನೂ ಇರಲಿಲ್ಲ. ಆದರೂ ಮುಚ್ಚುತ್ತಿದ್ದ.

ಬಸ್ಸು ಸಿನ್ಸಿನಾಟಿಯಲ್ಲಿ ಒಹಾಯೊ ನದಿಯನ್ನು ದಾಟಿ ಕೆಂಟಕಿಯನ್ನು ಹೊಕ್ಕಿತು. ಹಿಂದಿನ ಸಾಲಿನ ದಪ್ಪನೆಯ ಗೃಹಸ್ಥರೊಬ್ಬರು ಹಾಡಲಾರಂಭಿಸಿದರು. ಅವರಿಗೆ ನೂರು ಹಾಡುಗಳ ಮೊದಲ ಸಾಲು ಬರುತ್ತಿತ್ತು, ಒಂದರ ಎರಡನೆಯ ಸಾಲೂ ಬರುತ್ತಿರಲಿಲ್ಲ. ಸಿಳ್ಳೆಯ ಉಪಾಧ್ಯಾಯಿನಿ ಬಿಸ್ಕತ್ತು ಹಂಚಿ ಅವರ ಬಾಯಿ ಮುಚ್ಚಿಸಿದರು. ಲೂಯಿವಿಲ್ ದಾಟಿ ದಕ್ಷಿಣಕ್ಕೆ ಹೋಗುತ್ತಿದ್ದಂತೆ ಒಂದು ಕಡೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಬೇಕಾಗುತ್ತದೆ. ಅಲ್ಲಿಂದ ಮುಂದೆ ಬೇರೆ ಕಾಲಮಾನ. ಎಪ್ಪತ್ತು ದಾಟಿದವರಿಗೆ ಒಂದು ಗಂಟೆ ಪುಕ್ಕಟೆಯಾಗಿ ಸಿಕ್ಕಿದುದು ಸಣ್ಣ ಸಂಗತಿಯಲ್ಲ. ಬಸ್ಸಿನಲ್ಲಿ ಚಪ್ಪಾಳೆಯೇ ಬಿತ್ತು.

ನ್ಯಾಷ್‌ವಿಲ್ಲಿನಲ್ಲಿ ಮೊದಲು ಕಂಡದ್ದು ಗ್ರೀಕ್ ದೇವಾಲಯ! ಊರಿನ ಉದ್ಯಾನವೊಂದರ ನಡುವೆ ಅಥೆನ್ಸಿನ ಪಾರ್ಥೆನಾನ್ ಅದೇ ಅಳತೆಯಲ್ಲಿ ನಿಂತಿದೆ. 1897ರಲ್ಲಿ ಟೆನೆಸಿಯ ಶತಮಾನೋತ್ಸವ ವಸ್ತುಪ್ರದರ್ಶನಕ್ಕಾಗಿ ಕಟ್ಟಿದುದು. ಕೆಲವು ತಿಂಗಳ ಬಾಳಿಕೆಗೆಂದು ಕಟ್ಟಿದುದನ್ನು ಕೆಡವಲು ಜನ ಒಪ್ಪದೆ, 1920ರ ದಶಕದಲ್ಲಿ ಕಾಂಕ್ರೀಟಿನಲ್ಲಿ ಕಟ್ಟತೊಡಗಿ 1931ರಲ್ಲಿ ಮುಗಿಸಿದರು. ಒಳಗೆ 42 ಅಡಿ ಎತ್ತರದ ಅಥೀನಾ ದೇವಿ. 1990ರಲ್ಲಿ ನಿಂತವಳು, 2002ರಲ್ಲಿ ಚಿನ್ನದ ಲೇಪ ಪಡೆದವಳು. ಕಾಲೇಜುಗಳೂ ವಿದ್ವಾಂಸರೂ ತುಂಬಿದ್ದ ಈ ಊರು ತನ್ನನ್ನು ‘ದಕ್ಷಿಣದ ಅಥೆನ್ಸ್’ ಎಂದು ಕರೆದುಕೊಳ್ಳುತ್ತಿತ್ತು. ಅಂಥ ಊರಿಗೆ ಹಳ್ಳಿಯ ಪಿಟೀಲುಗಾರರಿಂದ ಹೆಸರು ಬಂದಾಗ ದೊಡ್ಡ ಮನೆಗಳಲ್ಲಿ ಎಷ್ಟು ಸಂಕಟವಾಗಿರಬೇಕು!

ಆದದ್ದು ಹೀಗೆ. 1925ರ ಅಕ್ಟೋಬರಿನಲ್ಲಿ ಅಲ್ಲಿನ ಒಂದು ಜೀವವಿಮಾ ಕಂಪೆನಿ ರೇಡಿಯೊ ಕೇಂದ್ರವನ್ನು ತೆರೆಯಿತು. ನವೆಂಬರ್ 28ರ ರಾತ್ರಿ ಜಾರ್ಜ್ ಹೇ ಎಂಬ ಉದ್ಘೋಷಕ ಎಪ್ಪತ್ತೇಳು ವರ್ಷದ ಜಿಮ್ಮಿ ಥಾಮ್ಸನ್ ಎಂಬ ಮುದುಕನನ್ನು ಕೂರಿಸಿ ಪಿಟೀಲು ಬಾರಿಸಲು ಹೇಳಿದ. ಕಾಗದಗಳೂ ತಂತಿಗಳೂ ಬಂದು ಬಿದ್ದುವು. ಶನಿವಾರದ ಕೂಟ ನಿಂತಿತು. ಎರಡು ವರ್ಷಗಳ ಬಳಿಕ, ಒಂದು ರಾತ್ರಿ ಶಾಸ್ತ್ರೀಯ ಸಂಗೀತದ ಕಾರ್ಯಕ್ರಮವೊಂದು ಮುಗಿದ ಕೂಡಲೆ ಹೇ ತಮಾಷೆಗೆ, ಇಷ್ಟು ಹೊತ್ತು ಗ್ರ್ಯಾಂಡ್ ಆಪೆರಾ ಕೇಳಿದಿರಿ, ಇನ್ನು ‘ಗ್ರ್ಯಾಂಡ್ ಓಲ್ ಆಪ್ರಿ’ ಕೇಳಿರಿ ಎಂಬ ಅರ್ಥದ ಮಾತಾಡಿದ. ಆಪೆರಾ ಎಂಬ ಶಬ್ದ ಹಳ್ಳಿಯ ಬಾಯಲ್ಲಿ ಮುರಿದಾಗ ಆಗುವ ರೂಪವೇ ಆಪ್ರಿ. ಹೆಸರು ಅಂಟಿಕೊಂಡಿತು. ಇದೇ ಹೇ ಮತ್ತೊಂದು ಉಪಾಯವನ್ನೂ ಹೂಡಿದ. ಮೊದಮೊದಲ ವಾದಕರಲ್ಲಿ ಹಲವರು ಸೂಟು ಬೂಟು ತೊಟ್ಟು ಬರುತ್ತಿದ್ದ ಸಭ್ಯ ಗೃಹಸ್ಥರು. ಅವರಲ್ಲೊಬ್ಬರು, ಹಂಫ್ರಿ ಬೇಟ್, ಪದವಿ ಪಡೆದ ವೈದ್ಯರು. ಹೇ ಅವರ ತಂಡಕ್ಕೆ ‘ಪಾಸಮ್ ಬೇಟೆಗಾರರು’ ಎಂದು ಹೆಸರಿಟ್ಟ. ಇನ್ನೊಂದು ತಂಡ ‘ಹಣ್ಣಿನ ಜಾಡಿಯಲ್ಲಿ ಕುಡಿಯುವವರು’ ಆಯಿತು — ಜಾಡಿಯಲ್ಲಿರುತ್ತಿದ್ದುದು ಹಣ್ಣಿನ ರಸವಲ್ಲವೆಂಬುದು ಎಲ್ಲರಿಗೂ ಗೊತ್ತು. ಹೊಲದ ಉಡುಪು ತೊಡಿಸಿ ಚಿತ್ರ ತೆಗೆಸಿದ. ವೈದ್ಯನನ್ನು ಗಮಾರನನ್ನಾಗಿ ಮಾಡಿದರೆ ಹೆಚ್ಚು ಜನ ಕೇಳುತ್ತಾರೆಂದು ಆತ ಕಂಡುಕೊಂಡಿದ್ದ. ಕಂಡುಕೊಂಡದ್ದು ಸರಿಯೇ. 1943ರಲ್ಲಿ ಆಪ್ರಿಯ ಉತ್ಸವವೊಂದಕ್ಕೆ ಆಹ್ವಾನ ಬಂದಾಗ, ಗಾಯಕ ರಾಯ್ ಏಕಫ್ ಮತ್ತು ಆತನ ಸಂಗಡಿಗರು ನ್ಯಾಷ್‌ವಿಲ್ಲನ್ನು ಗಮಾರರ ರಾಜಧಾನಿ ಮಾಡಿ ಸಂಸ್ಥಾನದ ಮಾನ ಕಳೆಯುತ್ತಿದ್ದಾರೆಂದು ಹೇಳಿ ಗವರ್ನರ್ ಪ್ರೆಂಟಿಸ್ ಕೂಪರ್ ಹೋಗಲೊಲ್ಲದಾದರು. ಏಕಫ್ 1948ರಲ್ಲಿ ಗವರ್ನರ್ ಪದವಿಗೇ ಸ್ಪರ್ಧಿಸಿ ಸೋತ. ಸೋತರೇನು, ಆತನ ಹಾಡು ಸೋಲಲಿಲ್ಲ.

ಶುಕ್ರವಾರ ಮಧ್ಯಾಹ್ನ ಬಸ್ಸು ರೈಮನ್ ಸಭಾಂಗಣದ ಮುಂದೆ ನಿಂತಿತು. ಕೆಂಪು ಇಟ್ಟಿಗೆಯ, ಚೂಪುಮಾಡಿನ ಕಟ್ಟಡ, ನೋಡಿದೊಡನೆ ಚರ್ಚೆನಿಸುತ್ತದೆ. ಚರ್ಚೇ ಅದು. ಟಾಮ್ ರೈಮನ್ ಎಂಬ ಹಡಗಿನ ಒಡೆಯ 1885ರಲ್ಲಿ ಸ್ಯಾಮ್ ಜೋನ್ಸ್ ಎಂಬ ಧರ್ಮಬೋಧಕನ ಉಪನ್ಯಾಸ ಕೇಳಲು ಡೇರೆಯೊಂದಕ್ಕೆ ಹೋಗಿ, ಮನಸ್ಸು ಮಾರ್ಪಟ್ಟು, ಆ ಬೋಧಕನಿಗೆ ಡೇರೆ ಸಾಲದೆಂದು ಕಟ್ಟಿಸಲು ಹೊರಟ ಪ್ರಾರ್ಥನಾ ಮಂದಿರ, 1892ರಲ್ಲಿ ಮುಗಿಯಿತು. ರೈಮನ್ 1904ರಲ್ಲಿ ತೀರಿಕೊಂಡ ಮೇಲೆ ಅವನ ಹೆಸರಾಯಿತು. ಅನಂತರ ಬಹುಕಾಲ ಅದನ್ನು ನಡೆಸಿದಾಕೆ ಲೂಲಾ ನ್ಯಾಫ್ ಎಂಬ ವಿಧವೆ. ಕಾಗದಪತ್ರಗಳಲ್ಲಿ ಹೆಸರಿನ ಮೊದಲಕ್ಷರಗಳನ್ನಷ್ಟೇ ಬರೆಯುತ್ತಿದ್ದಳು. ವ್ಯವಹರಿಸುತ್ತಿರುವುದು ಹೆಂಗಸೆಂದು ತಿಳಿದರೆ ಎಲ್ಲಿ ಹಿಂದೆಗೆದಾರೋ ಎಂದು. ಆ ಜಾಣೆ ಇಟಲಿಯ ಕರೂಸೊನನ್ನೇ ಕರೆಸಿ ಹಾಡಿಸಿದಳು. 1943ರಿಂದ 1974ರವರೆಗೆ ಆಪ್ರಿ ನಡೆದುದು ಇಲ್ಲಿಯೇ. ಕುಳಿತುಕೊಳ್ಳಲು ಚರ್ಚಿನ ಮರದ ಬೆಂಚು. ಬೇಸಿಗೆಯಲ್ಲಿ ಒಲೆಯ ಸೆಕೆ. ಕೈಯಲ್ಲೊಂದು ಕಾಗದದ ಬೀಸಣಿಗೆ. ಗಾಯಕರಿಗೆ ಬಟ್ಟೆ ಬದಲಿಸಲೂ ಸರಿಯಾದ ಕೋಣೆಯಿಲ್ಲದೆ, ಸರದಿ ಬರುವವರೆಗೆ ಹಿಂದಿನ ಓಣಿಯನ್ನು ದಾಟಿ ಟೂಟ್ಸಿ ಎಂಬಾಕೆಯ ಮದ್ಯದಂಗಡಿಯಲ್ಲಿ ಕಾಯುತ್ತಿದ್ದರಂತೆ. 1949ರ ಜೂನಿನಲ್ಲಿ ಹ್ಯಾಂಕ್ ವಿಲಿಯಮ್ಸ್ ಎಂಬ ಸಣಕಲ ತರುಣ ಇಲ್ಲಿ ಮೊದಲ ಸಲ ಹಾಡಿದಾಗ ಜನ ಬಿಡದೆ ಮತ್ತೆ ಮತ್ತೆ ಹಾಡಿಸಿದರು. ಮೂರು ವರ್ಷಗಳ ತರುವಾಯ ಕುಡಿತದ ದೆಸೆಯಿಂದ ಆಪ್ರಿ ಆತನನ್ನು ತೆಗೆದುಹಾಕಿತು. 1953ರ ಹೊಸವರ್ಷದ ದಿನ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಆತ ಸತ್ತ.

ಎಲ್ಲರೂ ವೇದಿಕೆಯ ಮೇಲೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದಾಗ ಮೇಸ್ತ್ರಿ ಅಲ್ಲಿನ ಮಾರ್ಗದರ್ಶಿಯನ್ನು ಒಂದೇ ಪ್ರಶ್ನೆ ಕೇಳಿದ: “ಕಡಿಮೆ ಬೆಲೆಯ ಟಿಕೆಟ್ಟಿನವರು ಎಲ್ಲಿ ಕೂರುತ್ತಿದ್ದರು?” ಹುಡುಗಿ ಮೇಲಿನ ಉಪ್ಪರಿಗೆಯ ಕಡೆಗೆ ಕೈ ತೋರಿಸಿದಳು. ಮೊಳಕಾಲು ನೋವಿನ ಮನುಷ್ಯ ಮೆಟ್ಟಿಲು ಹತ್ತಿ ಹೋದ. ಅರ್ಧ ಗಂಟೆಯಾದರೂ ಇಳಿಯಲಿಲ್ಲ. ಹೆಂಡತಿ ಹುಡುಕಿಕೊಂಡು ಹೋದಾಗ ಕೊನೆಯ ಬೆಂಚಿನಲ್ಲಿ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಐವತ್ತು ವರ್ಷದ ದಾಂಪತ್ಯದಲ್ಲಿ ಹೇಳದ ಒಂದು ಮಾತನ್ನು ಅಲ್ಲಿ ಹೇಳಿದ. 1974ರ ಚಳಿಗಾಲದಲ್ಲಿ, ಆಪ್ರಿ ಈ ಕಟ್ಟಡವನ್ನು ಬಿಟ್ಟು ಹೊಸದಕ್ಕೆ ಹೋಗುತ್ತದೆಂದು ರೇಡಿಯೊದಲ್ಲಿ ಕೇಳಿ, ತಂದೆ ಬಂದು ಕೇಳಿದನಂತೆ: ಹೋಗುವುದಕ್ಕೆ ಮುಂಚೆ ಒಂದು ಶನಿವಾರ ಅಲ್ಲಿ ಕೂತು ಕೇಳಬೇಕು, ನಿನ್ನ ಕಾರಿನಲ್ಲಿ ಕರೆದುಕೊಂಡು ಹೋಗುತ್ತೀಯಾ? ಮಗ ಆಗ ಹೊಸದಾಗಿ ಮೇಸ್ತ್ರಿಯಾಗಿದ್ದ. ಕಾರಿನ ಗಾಲಿ ಸವೆದಿದೆ, ಅಷ್ಟು ದೂರ ಆಗದು ಎಂದ. ಗಾಲಿಗಳು ಹೊಸವು. ತಂದೆ ಮತ್ತೆ ಕೇಳಲಿಲ್ಲ. 1979ರಲ್ಲಿ ತಂದೆ ತೀರಿಕೊಂಡ ಮೇಲೆ ಮನೆಯ ಸಾಮಾನುಗಳನ್ನು ಅಂಗಳದಲ್ಲಿ ಹರಡಿ ಮಾರಿದಾಗ ಪಿಟೀಲಿಗೆ ಹದಿನೈದು ಡಾಲರು ಬಂದಿತ್ತು. ಅದನ್ನು ಹೆಂಡತಿ ಬಲ್ಲಳು. ಆ ಹಣದಲ್ಲಿ ಗಾಲಿ ಕೊಂಡದ್ದನ್ನೂ ಬಲ್ಲಳು. ಆಕೆ ಏನನ್ನೂ ಹೇಳದೆ ಪಕ್ಕದಲ್ಲಿ ಕುಳಿತಳು. ಕೆಳಗೆ ಸಿಳ್ಳೆ ಕೇಳಿಸಿತು.

ಆ ಸಂಜೆಯ ಬ್ರಾಡ್‌ವೇ ಬೀದಿಯ ವಿಷಯ ಹೆಚ್ಚು ಹೇಳದಿರುವುದೇ ಲೇಸು. ಅಂಗಡಿ ಅಂಗಡಿಯಲ್ಲೂ, ಒಂದೊಂದರ ಅಂತಸ್ತು ಅಂತಸ್ತಿನಲ್ಲೂ ಒಂದೊಂದು ತಂಡ. ಬೆಳಗಿನಿಂದ ನಡುರಾತ್ರಿ ಕಳೆಯುವವರೆಗೆ ಬಿಡುವಿಲ್ಲದ ಗದ್ದಲ. ಒಳಗೆ ಹೋಗಲು ಹಣವಿಲ್ಲ. ವಾದಕರ ಜೀವನ ಬಹುಮಟ್ಟಿಗೆ ಕೇಳುಗರು ಬಕೆಟ್ಟಿಗೆ ಹಾಕುವ ಕಾಸಿನಿಂದ. ಮದುವೆಯಾಗಲಿರುವ ಹುಡುಗಿಯರು ಗುಲಾಬಿ ಟೋಪಿ, ಬಿಳಿ ಬೂಟು ತೊಟ್ಟು, ಗುಂಪು ಗುಂಪಾಗಿ, ತುಳಿಯುವ ಬಂಡಿಗಳ ಮೇಲೆ ಕಿರುಚುತ್ತ ಸಾಗುತ್ತಿದ್ದರು. ಅರ್ನೆಸ್ಟ್ ಟಬ್ ಎಂಬ ಹಳೆಯ ಗಾಯಕ 1947ರಲ್ಲಿ ಆರಂಭಿಸಿದ ಗ್ರಾಮಫೋನ್ ತಟ್ಟೆಗಳ ಅಂಗಡಿ 2022ರಲ್ಲಿ ಬಾಗಿಲು ಹಾಕಿತ್ತು. ತಂಡದ ಮುದುಕಿಯರಿಬ್ಬರು ಅದರ ಗಾಜಿನೊಳಗೆ ಇಣುಕಿ ನೋಡಿ ನಿಟ್ಟುಸಿರಿಟ್ಟರು. ಹಿಂದಿನ ಸಾಲಿನ ಗಾಯಕ ಗೃಹಸ್ಥರು ಮಾತ್ರ ಗುಲಾಬಿ ಟೋಪಿಯವರ ನಡುವೆ ಸಿಕ್ಕಿ, ಎಂಟೂವರೆಗೆ ತಾವೂ ಒಂದು ಗುಲಾಬಿ ಟೋಪಿಯೊಡನೆ ಹೋಟೆಲಿಗೆ ಬಂದರು.

ಶನಿವಾರ ಬೆಳಿಗ್ಗೆ ಕಂಟ್ರಿ ಸಂಗೀತದ ವಸ್ತುಸಂಗ್ರಹಾಲಯ. ಕಟ್ಟಡದ ಕಿಟಕಿಗಳೇ ಪಿಯಾನೊದ ಮಣೆಗಳಂತಿವೆ. ಗೌರವ ಪಡೆದವರ ಮುಖಗಳನ್ನು ಕಂಚಿನ ಫಲಕಗಳಲ್ಲಿ ಕೆತ್ತಿಸಿ ದುಂಡನೆಯ ಕೋಣೆಯೊಂದರಲ್ಲಿ ಇಟ್ಟಿದ್ದಾರೆ. ಅಲ್ಲಿ ನೋಡಬೇಕಾದ ಫಲಕವೆಂದರೆ ಡಿಫೋರ್ಡ್ ಬೇಲಿಯದು. ಆಪ್ರಿಗೆ ಹೆಸರು ಬಿದ್ದ ರಾತ್ರಿ ಮೌತ್ ಆರ್ಗನ್ನಿನಲ್ಲಿ ರೈಲುಗಾಡಿಯ ಸದ್ದನ್ನು ಹೊರಡಿಸಿದಾತ ಅವನೇ. ಬಾಲ್ಯದಲ್ಲಿ ಪೋಲಿಯೊ ತಗುಲಿ ಬೆಳೆಯದೆ ಉಳಿದ, ಐದಡಿಯನ್ನೂ ಮುಟ್ಟದ ಮನುಷ್ಯ, ಕರಿಯ. ರೇಡಿಯೊದಲ್ಲಿ ಬಣ್ಣ ಕಾಣುವುದಿಲ್ಲವಷ್ಟೆ. ಬೆಟ್ಟಗುಡ್ಡಗಳ ಬಿಳಿಯರು ಹದಿನೈದು ವರ್ಷದ ಕಾಲ ಆತನ ರೈಲನ್ನು ಕೇಳಿ ತಲೆದೂಗಿದರು. ಊರೂರಿಗೆ ಹೋದಾಗ ಜೊತೆಯವರಿಗೆ ಹೋಟೆಲಿನಲ್ಲಿ ಊಟ, ಅವನಿಗೆ ಇಲ್ಲ. 1941ರಲ್ಲಿ, ಹಾಡುಗಳ ಹಕ್ಕಿನ ಬಗ್ಗೆ ರೇಡಿಯೊದವರಿಗೂ ಸಂಗೀತಕಾರರ ಸಂಘಕ್ಕೂ ಜಗಳವಾಗಿ ಅನೇಕ ಪರಿಚಿತ ಹಾಡುಗಳು ನಿಷಿದ್ಧವಾದಾಗ, ಬೇಲಿಯನ್ನು ಆಪ್ರಿಯಿಂದ ತೆಗೆದರು. ಹೊಸದನ್ನು ಕಲಿಯದ ಸೋಮಾರಿ ಎಂದು ಅಪವಾದವನ್ನೂ ಹೊರಿಸಿದರು. ಆಮೇಲೆ ಆತ ಅದೇ ಊರಿನಲ್ಲಿ ಬೂಟುಗಳಿಗೆ ಬಣ್ಣ ಹಾಕುವ ಅಂಗಡಿಯಿಟ್ಟುಕೊಂಡು ಬದುಕಿದ. 1982ರಲ್ಲಿ ಸತ್ತ. ಕಂಚಿನ ಫಲಕ ಬಂದುದು 2005ರಲ್ಲಿ. ಗಮಾರರೆಂದು ಬೈಸಿಕೊಂಡವರಿಗೂ ತಮಗಿಂತ ಕೆಳಗೊಬ್ಬ ಬೇಕಾಗಿದ್ದ! ಮೇಸ್ತ್ರಿ ಆ ಫಲಕವನ್ನು ಎರಡು ಸಲ ಓದಿದ. ಆತನ ತಂದೆ ಗಣಿಯ ದಿನಗಳ ಮಾತು ಬಂದಾಗ “ರೈಲು ಊದುವ ಆ ಪುಟ್ಟ ಮನುಷ್ಯ” ಎನ್ನುತ್ತಿದ್ದುದುಂಟು. ಆ ಮನುಷ್ಯ ಕರಿಯನೆಂಬುದು ತಂದೆಗೆ ತಿಳಿದಿತ್ತೋ ಇಲ್ಲವೋ.

ಅಲ್ಲಿಂದ ಸಂಗ್ರಹಾಲಯದವರ ಗಾಡಿಯಲ್ಲಿ ‘ಸ್ಟುಡಿಯೊ ಬಿ’ಗೆ. 1957ರಲ್ಲಿ ಕಟ್ಟಿದ ಸಾಧಾರಣ ಕಟ್ಟಡ. ಎಲ್ವಿಸ್ ಪ್ರೆಸ್ಲಿ ಇನ್ನೂರಕ್ಕೂ ಹೆಚ್ಚು ಹಾಡುಗಳನ್ನು ಇಲ್ಲಿ ಹಾಡಿದ. ಸ್ವರ ಚೆನ್ನಾಗಿ ಕೇಳುವ ಜಾಗ ಇದೆಂದು ನೆಲದ ಮೇಲೆ ನೀಲಿ ಪಟ್ಟಿಯ ಗುರುತೊಂದಿದೆ. ನಲವತ್ತನಾಲ್ಕು ಜನರೂ ಒಬ್ಬರಾದ ಮೇಲೊಬ್ಬರು ಅದರ ಮೇಲೆ ನಿಂತು ಕೆಮ್ಮಿ ನೋಡಿದರು. ಐವತ್ತರ ದಶಕದ ಕೊನೆಯಲ್ಲಿ ಪೇಟೆಯ ಯುವಕರು ರಾಕ್ ಸಂಗೀತದತ್ತ ಹೊರಳಿದಾಗ, ಇಲ್ಲಿ ಚೆಟ್ ಆಟ್ಕಿನ್ಸ್, ಸಮೀಪದಲ್ಲಿಯೇ ಇದ್ದ ಇನ್ನೊಂದು ಸ್ಟುಡಿಯೊದಲ್ಲಿ ಓವನ್ ಬ್ರಾಡ್ಲಿ, ಹಳ್ಳಿಯ ಪಿಟೀಲನ್ನೂ ಬ್ಯಾಂಜೊವನ್ನೂ ಹಿಂದಕ್ಕೆ ಸರಿಸಿ ನಯವಾದ ವಯೊಲಿನ್ ಮೇಳವನ್ನೂ ಹಿನ್ನೆಲೆ ಗಾಯಕರನ್ನೂ ಮುಂದೆ ತಂದರು. ಪಿಟೀಲೂ ವಯೊಲಿನ್ನೂ ಒಂದೇ ವಾದ್ಯವೆಂಬುದನ್ನು ಮರೆಯಬಾರದು! ಈ ‘ನ್ಯಾಷ್‌ವಿಲ್ ಧ್ವನಿ’ ಎಂದರೇನೆಂದು ಯಾರೋ ಕೇಳಿದಾಗ ಆಟ್ಕಿನ್ಸ್ ಜೇಬಿನ ಕಾಸನ್ನು ಝಣಝಣಿಸಿ ತೋರಿಸಿದನೆಂಬ ಕಥೆ ಪ್ರಸಿದ್ಧವಾಗಿದೆ. ಶುದ್ಧವಾದಿಗಳು ಇದನ್ನು ಹಳಿಯುತ್ತಾರೆ. ಹಳಿಯಲಿ, ಆ ನಯವಿಲ್ಲದಿದ್ದರೆ ಪ್ಯಾಟ್ಸಿ ಕ್ಲೈನಳ ಕಂಠ ಅಷ್ಟು ಮನೆಗಳನ್ನು ಹೊಗುತ್ತಿರಲಿಲ್ಲ. 1961ರಲ್ಲಿ ಕಾರಿನ ಅಪಘಾತದಲ್ಲಿ ಪಕ್ಕೆಲುಬು ಮುರಿದುಕೊಂಡಿದ್ದ ಆಕೆ ‘ಕ್ರೇಜ಼ಿ’ ಎಂಬ ಹಾಡಿನ ಮೇಲಿನ ಸ್ವರಗಳನ್ನು ಮೊದಲ ದಿನ ಮುಟ್ಟಲಾರದೆ, ಕೆಲವು ಕಾಲ ಕಳೆದು ಬಂದು ಹಾಡಿ ಮುಗಿಸಿದಳು. ಹಾಡು ಬರೆದ ವಿಲ್ಲಿ ನೆಲ್ಸನ್ ಆಗ ಹೆಸರಿಲ್ಲದ ಬಡ ತರುಣ. ಎರಡು ವರ್ಷ ತುಂಬುವ ಮೊದಲೇ, 1963ರ ಮಾರ್ಚಿನಲ್ಲಿ, ಪ್ಯಾಟ್ಸಿ ವಿಮಾನ ದುರಂತದಲ್ಲಿ ತೀರಿಕೊಂಡಳು. ಮೇಸ್ತ್ರಿಯ ಹೆಂಡತಿ ಈ ಸಂಗೀತಕ್ಕೆ ಒಲಿದುದು ಅವಳಿಂದಲೇ. ಗಂಡನಿಗೂ ಅವಳೊಬ್ಬಳ ಹಾಡನ್ನು ಮನೆಯಲ್ಲಿ ಸಹಿಸುವ ಅಭ್ಯಾಸವಿತ್ತು. ಅದರಲ್ಲಿ ಬೆಟ್ಟದ ವಾಸನೆ ಕಡಿಮೆ.

ರಾತ್ರಿ ಆಪ್ರಿ. ಊರ ಹೊರಗೆ 1974ರ ಮಾರ್ಚ್ 16ರಂದು ತೆರೆದ, ನಾಲ್ಕು ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಮಂದಿರ. ಅಂದು ಅಧ್ಯಕ್ಷ ನಿಕ್ಸನ್ ಬಂದು ಪಿಯಾನೊ ಬಾರಿಸಿದರು. ರಾಯ್ ಏಕಫ್ ಅವರಿಗೆ ಯೋ-ಯೋ ಆಟವನ್ನು ಕಲಿಸಲು ನೋಡಿದ. ಗಮಾರರ ಮನೆಗೆ ಗವರ್ನರು ಬಾರದೆ ಹೋದ ಮೂವತ್ತೊಂದು ವರ್ಷಕ್ಕೆ ರಾಷ್ಟ್ರಪತಿಯೇ ಬಂದುದು ಹೀಗೆ. ವೇದಿಕೆಯ ನಡುವೆ ಆರಡಿ ಅಗಲದ ಒಂದು ಮರದ ವೃತ್ತವಿದೆ. ರೈಮನ್ನಿನ ಹಳೆಯ ವೇದಿಕೆಯಿಂದ ಕತ್ತರಿಸಿ ತಂದು ಕೂರಿಸಿದುದು. ಗಾಯಕರು ಅದರ ಮೇಲೆಯೇ ನಿಂತು ಹಾಡಬೇಕು. 2010ರ ಮೇ ತಿಂಗಳಿನಲ್ಲಿ ಕಂಬರ್‌ಲೆಂಡ್ ನದಿ ಉಕ್ಕಿ ವೇದಿಕೆಯ ಮೇಲೆ ಸುಮಾರು ನಾಲ್ಕಡಿ ನೀರು ನಿಂತಿತ್ತು. ನೀರಿಳಿದ ಮೇಲೆ ಆ ವೃತ್ತವನ್ನು ಎತ್ತಿ ಒಣಗಿಸಿ, ಮತ್ತೆ ಅಲ್ಲಿಯೇ ಕೂರಿಸಿದರು.

ಆಪ್ರಿ ಇಂದಿಗೂ ರೇಡಿಯೊ ಕಾರ್ಯಕ್ರಮವೇ. ಹಿಂದೆ ಕೆಂಪು ಕೊಟ್ಟಿಗೆಯ ಚಿತ್ರ. ಪಕ್ಕದಲ್ಲಿ ನಿಂತ ಉದ್ಘೋಷಕ ಹಾಡು ಹಾಡಿನ ನಡುವೆ ಜಾಹೀರಾತುಗಳನ್ನು ಓದುತ್ತಾನೆ. ಯಾರಿಗೂ ಎರಡು ಮೂರಕ್ಕಿಂತ ಹೆಚ್ಚು ಹಾಡಿಲ್ಲ. ಎಂಬತ್ತು ದಾಟಿದವರೊಬ್ಬರು ನಡುಗುವ ಕಂಠದಲ್ಲಿ ಹಾಡಿ ಹೋದರೆ, ಇಪ್ಪತ್ತು ವರ್ಷದವನೊಬ್ಬ ಮೊದಲ ಸಲ ವೃತ್ತದ ಮೇಲೆ ನಿಂತು ಕಣ್ಣೊರೆಸಿಕೊಳ್ಳುತ್ತಾನೆ; ಇಬ್ಬರಿಗೂ ಅದೇ ಚಪ್ಪಾಳೆ. ಬಿಡುವಿನ ಬಳಿಕ ತರುಣರ ತಂತಿವಾದ್ಯದ ತಂಡವೊಂದು ಬಂದಿತು. ಹಾಡಿಲ್ಲ, ಬರಿಯ ಪಿಟೀಲಿನ ಕುಣಿತದ ಮಟ್ಟು, ಬೆಟ್ಟದ ಹಳೆಯದು. ಎರಡು ಎಳೆತ ಕೇಳಿಬಂದಿತೋ ಇಲ್ಲವೋ, ಮೇಸ್ತ್ರಿ ಅದರ ಹೆಸರನ್ನು ಹೇಳಿಬಿಟ್ಟ. ಮೆಲ್ಲನೆಯಲ್ಲ, ಮುಂದಿನ ಸಾಲಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ. ಹೆಂಡತಿ ಬೆಚ್ಚಿದಳು. ಬೆಚ್ಚಿದುದು ಸದ್ದಿಗಲ್ಲ. ಆ ಹೆಸರು ಬಂದುದು ಎಳೆದ ರಾಗದಲ್ಲಿ, ಒಂದು ಸ್ವರ ಎರಡಾಗಿ. ಆ ಉಚ್ಚಾರವನ್ನು ಆಕೆ ಗಂಡನ ಬಾಯಲ್ಲಿ ಕೇಳಿದ್ದು, ಸತ್ತುಹೋದ ಅತ್ತೆಯೊಡನೆ ಆತ ಬಾಗಿಲು ಹಾಕಿಕೊಂಡು ಟೆಲಿಫೋನಿನಲ್ಲಿ ಮಾತಾಡುತ್ತಿದ್ದಾಗ ಮಾತ್ರ. ಮಟ್ಟು ಮುಗಿಯುವವರೆಗೆ ಆತನ ಎಡಗೈಯ ಬೆರಳುಗಳು ಟೋಪಿಯ ಅಂಚಿನ ಮೇಲೆ ಸರಿದಾಡುತ್ತಿದ್ದುವು. ಪಿಟೀಲು ಹಿಡಿಯಲು ಆತನಿಗೆ ಯಾರೂ ಕಲಿಸಿರಲಿಲ್ಲ, ಹಿಡಿಯುವುದನ್ನು ನೋಡಿದ್ದನಷ್ಟೆ.

ಭಾನುವಾರ ಬೆಳಿಗ್ಗೆ ಊರು ಬಿಡುವ ಮೊದಲು ಉಪಾಧ್ಯಾಯಿನಿಯ ಹಟದಿಂದ ಬಸ್ಸು ಫಿಸ್ಕ್ ವಿಶ್ವವಿದ್ಯಾಲಯವನ್ನು ಸುತ್ತಿಕೊಂಡು ಹೋಯಿತು. ದಾಸ್ಯದಿಂದ ಬಿಡುಗಡೆ ಹೊಂದಿದ ಕರಿಯರಿಗಾಗಿ 1866ರಲ್ಲಿ ತೆರೆದ ವಿದ್ಯಾಲಯ ಅದು. ಐದು ವರ್ಷದೊಳಗೆ ಹಣವಿಲ್ಲದೆ ಮುಚ್ಚುವ ಸ್ಥಿತಿ ಬಂದಾಗ, ಒಂಬತ್ತು ಜನ ವಿದ್ಯಾರ್ಥಿಗಳು 1871ರ ಅಕ್ಟೋಬರಿನಲ್ಲಿ ಹಾಡಿ ಹಣ ಕೂಡಿಸಲು ಹೊರಟರು. ಅವರ ಹಿರಿಯರು ದಾಸ್ಯದಲ್ಲಿ ಹಾಡುತ್ತಿದ್ದ ದೇವರ ಹಾಡುಗಳನ್ನು ಪರರ ಮುಂದೆ ಹಾಡಲು ಅವರಿಗೆ ಮೊದಲು ಮನಸ್ಸಿರಲಿಲ್ಲ. ಅವು ಪವಿತ್ರವಾದುವು, ಅಲ್ಲದೆ ಮರೆಯಬೇಕಾದ ಕಾಲದವು. ಹಾಡಿದ ಮೇಲೆ ಅಮೆರಿಕವೂ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯೂ ಕೇಳಿದರು. ಬಂದ ಹಣದಲ್ಲಿ 1876ರಲ್ಲಿ ಜೂಬಿಲಿ ಹಾಲ್ ಎದ್ದಿತು. ನ್ಯಾಷ್‌ವಿಲ್ಲಿನಿಂದ ಹೊರಟ ಮೊದಲ ಸಂಗೀತಯಾತ್ರೆ ಅದೇ ಇರಬೇಕೆಂದು ಉಪಾಧ್ಯಾಯಿನಿ ಹೇಳುತ್ತಿದ್ದರು. ಅರ್ಧ ಬಸ್ಸು ನಿದ್ರಿಸುತ್ತಿತ್ತು. ಮೇಸ್ತ್ರಿ ಕಿಟಕಿಗೆ ಹಣೆಯೊತ್ತಿ ಆ ಕಟ್ಟಡ ಮರೆಯಾಗುವವರೆಗೆ ನೋಡಿದ.

ಕೆಂಟಕಿಯಲ್ಲಿ, ಪುಕ್ಕಟೆಯಾಗಿ ಸಿಕ್ಕಿದ್ದ ಆ ಒಂದು ಗಂಟೆಯನ್ನು ಹಿಂದಕ್ಕೆ ಕೊಟ್ಟ ಮೇಲೆ, ಬಸ್ಸು ಪೆಟ್ರೋಲಿನ ಅಂಗಡಿಯೊಂದರ ಮುಂದೆ ಹದಿನೈದು ನಿಮಿಷ ನಿಂತಿತು. ಮೇಸ್ತ್ರಿ ಕಾಫಿಗೆಂದು ಒಳಗೆ ಹೋದ. ಗಲ್ಲೆಯ ಹಿಂದೆ ಕುಳಿತಿದ್ದ ಮುದುಕಿ ಚಿಲ್ಲರೆಯೆಣಿಸುತ್ತ, ಬಸ್ಸಿನವರು ಎಲ್ಲಿಯವರೆಂದು ಕೇಳಿದಳು. ಡೇಟನ್ನಿನವರು ಎಂದ ಮೇಸ್ತ್ರಿ. ಕಾಫಿಯ ಲೋಟವನ್ನು ಎತ್ತಿಕೊಂಡು ಎರಡು ಹೆಜ್ಜೆ ಇಟ್ಟವನು ತಿರುಗಿ ಬಂದು, ತಾನು ಹುಟ್ಟಿದ ಕಣಿವೆಯ ಹೆಸರನ್ನು ಹೇಳಿದ. ಭೂಪಟದಲ್ಲಿ ಹುಡುಕಿದರೂ ಸಿಗದಂಥ ಹೆಸರು. ಮುದುಕಿ ಕನ್ನಡಕವನ್ನು ಮೇಲಕ್ಕೆ ಸರಿಸಿ ಆತನನ್ನು ಮೊದಲ ಸಲ ನೋಡುವವಳಂತೆ ನೋಡಿದಳು. “ಗುಡ್ಡದ ಈ ಮಗ್ಗುಲೋ, ಆ ಮಗ್ಗುಲೋ?” ಎಂದಳು.

ಹೊರಗೆ ಉಪಾಧ್ಯಾಯಿನಿ ತಲೆಗಳನ್ನು ಎಣಿಸಿದರು. ನಲವತ್ತಮೂರು. ಮತ್ತೊಮ್ಮೆ ಎಣಿಸಿ ಸಿಳ್ಳೆ ಊದಿದರು. ಅಂಗಡಿಯ ಗಾಜಿನೊಳಗೆ ಮೇಸ್ತ್ರಿ ಗಲ್ಲೆಗೆ ಮೊಳಕೈಯೂರಿ, ಕೈಯಾಡಿಸಿ ಆಡಿಸಿ, ಏನನ್ನೋ ಹೇಳುತ್ತಿದ್ದುದು ಕಾಣುತ್ತಿತ್ತು. ಕಾಫಿ ಪಕ್ಕದಲ್ಲಿ ಆರುತ್ತಿತ್ತು. “ಇನ್ನೈದು ನಿಮಿಷ ನಿಲ್ಲಿ” ಎಂದಳು ಹೆಂಡತಿ.